ದಂತವೈದ್ಯಕೀಯ ಪ್ರವೇಶ: ಅರ್ಜಿ ತುಂಬುವ ಮುನ್ನ

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ವಿದ್ಯಾರ್ಥಿನಿಲಯದ ಪಡಸಾಲೆಗೆ ಒಂದು ಹಳೆಯ ಮೇಜು, ಎರಡು ಬೆಂಚು ಮತ್ತು ಒಂದು ಕಂಪ್ಯೂಟರ್ ಬಂದು ಕೂರುತ್ತವೆ. ನೀಟ್ ಫಲಿತಾಂಶ ಪ್ರಕಟವಾದ ನಂತರದ ಭಾನುವಾರಗಳಂದು ಸುತ್ತಲಿನ ಹಳ್ಳಿಗಳ ಮಕ್ಕಳು ತಂದೆತಾಯಿಯರೊಡನೆ, ಅಂಕಪಟ್ಟಿಗಳ ಕಡತವನ್ನು ಎದೆಗವಚಿಕೊಂಡು ಬರುತ್ತಾರೆ. ನಾವು ನಾಲ್ವರು, ಇಬ್ಬರು ನಿವೃತ್ತ ಅಧ್ಯಾಪಕರು, ಒಬ್ಬರು ದಂತವೈದ್ಯರು, ಇನ್ನೊಬ್ಬರು ತಾಲ್ಲೂಕು ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು, ಮಧ್ಯಾಹ್ನದ ಪ್ರಸಾದದ ವೇಳೆಯವರೆಗೆ ಅವರೊಡನೆ ಕುಳಿತು ಅರ್ಜಿ ತುಂಬಿಸುತ್ತೇವೆ. ಬರುವವರೆಲ್ಲರ ಬಾಯಲ್ಲಿ ಮೊದಲು ಹೊರಡುವುದು ಎಂ.ಬಿ.ಬಿ.ಎಸ್. ಎಂಬ ಮಾತು. ಅದು ಸಿಗದೆಂದು ತಿಳಿದ ಮೇಲೆ, ದನಿ ತಗ್ಗಿಸಿ, "ಮತ್ತ ಬಿ.ಡಿ.ಎಸ್. ಹೆಂಗ್ರೀ?" ಎಂಬ ಪ್ರಶ್ನೆ ಬರುತ್ತದೆ. ಆ ತಗ್ಗಿದ ದನಿಯ ಪ್ರಶ್ನೆಗೆ ಉತ್ತರಿಸಲೆಂದು ಈ ಲೇಖನ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕೊಪ್ಪಳದ ಕಡೆಯ ಹಳ್ಳಿಯೊಂದರ ಹುಡುಗಿ ತಂದೆಯೊಡನೆ ಈ ಮೇಜಿನ ಮುಂದೆ ಕುಳಿತಿದ್ದಳು. ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಶಾಲೆ, ಮುಂದೆ ತಾಲ್ಲೂಕಿನ ಪದವಿಪೂರ್ವ ಕಾಲೇಜು. ಮೊದಲ ಸುತ್ತಿನಲ್ಲಿಯೇ ಅವಳಿಗೆ ಖಾಸಗಿ ದಂತವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಹಂಚಿಕೆಯಾಗಿತ್ತು. ತಂದೆಗೆ ಸಮಾಧಾನವಿರಲಿಲ್ಲ. "ಹಲ್ಲು ಕೀಳೋ ಡಾಕ್ಟರ್ ಆಗಾಕ ಐದು ವರ್ಷ ಯಾಕ್ರೀ ಬೇಕು?" ಎಂದು ಅವರು ಕೇಳಿದಾಗ ನಾವೂ ನಕ್ಕೆವು. ಹುಡುಗಿ ನಗಲಿಲ್ಲ. "ನನಗ ಇದು ಚಲೋ ಅನಸ್ತೈತ್ರಿ, ಸರ್" ಎಂದಳು. ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ನಾವು, ಇನ್ನೊಂದು ವರ್ಷ ಓದಿದರೆ ಎಂ.ಬಿ.ಬಿ.ಎಸ್. ಖಂಡಿತ ಸಿಗುತ್ತದೆ, ಈ ಸೀಟನ್ನು ಬಿಟ್ಟುಬಿಡು ಎಂದು ಸಲಹೆ ನೀಡಿದೆವು. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದರು. ಮನೆಗೆಲಸ, ಹೊಲದ ಕೆಲಸ, ಔಷಧೋಪಚಾರಗಳ ನಡುವೆ ಒಬ್ಬಳೇ ಕುಳಿತು ಓದಿದ ಹುಡುಗಿಗೆ ಎರಡನೆಯ ಸಲ ಬಂದ ಅಂಕಗಳು ಮೊದಲಿಗಿಂತ ಕಡಿಮೆ. ಕೊನೆಯ ಸುತ್ತಿನಲ್ಲಿ ಬಿ.ಡಿ.ಎಸ್. ಸೀಟೇ ದೊರೆಯಿತು, ಆದರೆ ದೂರದ ಊರಿನಲ್ಲಿ, ಖಾಸಗಿ ಶುಲ್ಕದ ದರ್ಜೆಯಲ್ಲಿ. ಆ ಶುಲ್ಕಕ್ಕಾಗಿ ಅವರು ಹೊಲದ ಮೇಲೆ ಸಾಲ ಮಾಡಿದರು. ನಮ್ಮ ನಾಲ್ವರ ನಗೆಯ ಬೆಲೆ ಒಂದು ವರ್ಷ ಮತ್ತು ಒಂದು ಸಾಲಪತ್ರ.

ಅಂದಿನಿಂದ ನಾವು ಯಾರಿಗೂ 'ಬಿಡು' ಎಂದಾಗಲಿ 'ಹಿಡಿ' ಎಂದಾಗಲಿ ಹೇಳುವುದಿಲ್ಲ. ವಿಷಯವನ್ನು ಮುಂದಿಡುತ್ತೇವೆ, ಅಷ್ಟೆ.

ಹಲ್ಲಿನ ವೈದ್ಯವೆಂದರೆ ಹಲ್ಲು ಕೀಳುವುದು ಎಂಬ ತಿಳುವಳಿಕೆ ನಮ್ಮಲ್ಲಿ ಬೇರೂರಲು ಕಾರಣವಿಲ್ಲದಿಲ್ಲ. ಸಂತೆಯ ಬಯಲಿನಲ್ಲಿ ಚಾಪೆ ಹಾಸಿ ಹಲ್ಲು ಕೀಳುತ್ತಿದ್ದವರನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ನಮ್ಮ ದೇಶದಲ್ಲಿ ಈ ವಿದ್ಯೆಯ ಕ್ರಮಬದ್ಧ ಶಿಕ್ಷಣಕ್ಕೆ ತಳಪಾಯ ಹಾಕಿದವರು ಡಾ. ರಫಿಉದ್ದೀನ್ ಅಹ್ಮದ್. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದಂತವೈದ್ಯಕೀಯ ಕಾಲೇಜನ್ನು ತೆರೆದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದಂತವೈದ್ಯರ ಕಾಯ್ದೆ ಜಾರಿಗೆ ಬಂದಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ ಆರಂಭವಾದವು. ಎಂಬತ್ತರ ದಶಕದಲ್ಲಿ ಮೈಸೂರು, ಬೆಳಗಾವಿ, ಧಾರವಾಡ, ಮಂಗಳೂರು, ಕಲಬುರಗಿಗಳಲ್ಲಿ ಸಾಲುಸಾಲಾಗಿ ಕಾಲೇಜುಗಳು ತಲೆಯೆತ್ತಿದವು. 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತವೈದ್ಯಕೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ 1948ರ ಕಾಯ್ದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಗೆ ದಾರಿ ಮಾಡಿತು. ಇಷ್ಟು ಇತಿಹಾಸ ಸಾಕು.

ಪದವಿಯ ಅವಧಿ ನಾಲ್ಕು ವರ್ಷದ ವ್ಯಾಸಂಗ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ಶರೀರರಚನೆ, ಶರೀರಕ್ರಿಯೆ, ಜೀವರಸಾಯನಗಳ ಜೊತೆಗೆ ಹಲ್ಲಿನ ರಚನಾಶಾಸ್ತ್ರವನ್ನು ಕಲಿಯಬೇಕು. ಮೇಣದ ಅಚ್ಚಿನಿಂದ ಹಲ್ಲುಗಳನ್ನು ಕೆತ್ತುವ ಕೆಲಸ ಆಗಲೇ ಶುರುವಾಗುತ್ತದೆ. ಪ್ರತಿಯೊಂದು ಹಲ್ಲಿಗೂ ಅದರದೇ ಉಬ್ಬು ತಗ್ಗುಗಳಿವೆ. ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು, ತಪ್ಪಿದರೆ ಹೊಸ ಮೇಣ ಹಿಡಿದು ಮತ್ತೆ ಮೊದಲಿನಿಂದ ಕೆತ್ತಬೇಕು. ಎರಡನೆಯ ವರ್ಷ ಔಷಧಶಾಸ್ತ್ರ, ರೋಗಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರ ಹಾಗೂ ಕೃತಕ ತಲೆಯ ಮೇಲೆ ಹಲ್ಲು ಕೊರೆದು ತುಂಬುವ ಅಭ್ಯಾಸ. ಮೂರನೆಯ ವರ್ಷ ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರವೈದ್ಯಗಳನ್ನೂ ಓದಬೇಕು. ಅಲ್ಲಿಂದ ಮುಂದೆ ರೋಗಿಗಳ ಬಾಯಿ, ವಸಡು, ದವಡೆ, ಮಕ್ಕಳ ಹಲ್ಲು, ವಕ್ರದಂತ, ಕೃತಕ ದಂತಪಂಕ್ತಿ, ಬಾಯಿಯ ಶಸ್ತ್ರಚಿಕಿತ್ಸೆ, ಸಮುದಾಯ ದಂತ ಆರೋಗ್ಯ. 'ಹಲ್ಲು ಕೀಳೋದು' ಈ ಪಟ್ಟಿಯಲ್ಲಿ ಒಂದು ಮೂಲೆಯಲ್ಲಿದೆ.

ಕೆನಡಾ ದೇಶದಲ್ಲಿ ಬಹುಕಾಲ ದಂತವೈದ್ಯಕೀಯ ಪ್ರವೇಶಕ್ಕೆ ಬಯಸುವವರು ಸೋಪಿನ ತುಂಡೊಂದನ್ನು ಕೆತ್ತಿ ತೋರಿಸಬೇಕಾಗಿತ್ತು. ನಮ್ಮಲ್ಲಿ ಅಂತಹ ಪರೀಕ್ಷೆಯಿಲ್ಲ, ಸಂದರ್ಶನವೂ ಇಲ್ಲ. ಹೀಗಾಗಿ ಮಗುವಿನ ಕೈಗೆ ಈ ಕೆಲಸ ಒಗ್ಗುತ್ತದೆಯೇ ಎಂಬುದನ್ನು ಮನೆಯವರೇ ನೋಡಬೇಕು. ಹೊಲಿಗೆ, ಚಿತ್ರ, ರಂಗೋಲಿ, ಮಣ್ಣಿನ ಗೊಂಬೆ, ಗಡಿಯಾರ ಬಿಚ್ಚಿ ಜೋಡಿಸುವುದು, ಇವುಗಳಲ್ಲಿ ಗಂಟೆಗಟ್ಟಲೆ ಮೈಮರೆಯುವ ಮಗು ಮೇಣದ ಹಲ್ಲಿಗೂ ಮೈಮರೆಯುತ್ತದೆ. ನಮ್ಮ ಜೊತೆಯ ದಂತವೈದ್ಯರು ಎಡಗೈ ಬಳಸುವವರು. ಬಲಗೈಯವರಿಗೆಂದು ಜೋಡಿಸಿದ ಕುರ್ಚಿಯಲ್ಲಿ ಮೊದಲ ವರ್ಷಗಳಲ್ಲಿ ಪಟ್ಟ ಪಾಡನ್ನು ಅವರು ಇಂದಿಗೂ ನಗುತ್ತ ಹೇಳುತ್ತಾರೆ. ಅದು ಅಡ್ಡಿಯಲ್ಲ, ಅಭ್ಯಾಸದ ಮಾತು.

ಇನ್ನು ಪ್ರವೇಶದ ದಾರಿ. ಎಂ.ಬಿ.ಬಿ.ಎಸ್.ಗೂ ಬಿ.ಡಿ.ಎಸ್.ಗೂ ಬಾಗಿಲು ಒಂದೇ, ಅದು ನೀಟ್. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಇದನ್ನು ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಸುತ್ತ ಬಂದಿದೆ. 2025ರಿಂದ 180 ಪ್ರಶ್ನೆಗಳಿಗೆ 180 ನಿಮಿಷ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಒಟ್ಟು 720. ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪ್ರಶ್ನೆಪತ್ರಿಕೆಯನ್ನು ಆರಿಸಿಕೊಳ್ಳಬಹುದು. 2017ರಿಂದ ಈ ಅವಕಾಶವಿದೆ. ಆ ಪುಸ್ತಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ, ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಆದುದರಿಂದ ಕನ್ನಡದಲ್ಲಿ ಬರೆಯುವವರೂ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ತಿಳಿದಿರುವುದು ಒಳ್ಳೆಯದು. ಕಾಲೇಜಿನಲ್ಲಿ ಪಾಠ ನಡೆಯುವುದು ಹೇಗೂ ಇಂಗ್ಲಿಷಿನಲ್ಲಿಯೇ.

ಅರ್ಹತೆಯ ವಿಷಯದಲ್ಲಿ ಎರಡು ಲೆಕ್ಕಗಳಿವೆ, ಪಾಲಕರು ಇವುಗಳನ್ನು ಒಂದಕ್ಕೊಂದು ಬೆರೆಸಿ ಗೊಂದಲಗೊಳ್ಳುತ್ತಾರೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇಕಡಾ 40 ಅಂಕಗಳು ಬೇಕು. ಇಂಗ್ಲಿಷಿನಲ್ಲೂ ತೇರ್ಗಡೆಯಾಗಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಇದು ಒಂದು ಲೆಕ್ಕ. ನೀಟಿನ ಲೆಕ್ಕ ಪರ್ಸೆಂಟೈಲ್‌ನದು. ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್ ಎಂದರೆ 720ರಲ್ಲಿ ಅರ್ಧ ಅಂಕವಲ್ಲ, ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿರುವುದು. 2025ರಲ್ಲಿ ಆ ಗೆರೆ 144 ಅಂಕಗಳಿಗೆ ಬಂದು ನಿಂತಿತ್ತು. ಹಲವು ಮನೆಗಳಲ್ಲಿ ಮಗ ಅರ್ಹನಾದ ಎಂದು ಪೇಡೆ ಹಂಚಿ, ಆಮೇಲೆ ಸೀಟು ಎಲ್ಲಿ ಎಂದು ಕೇಳುತ್ತ ನಮ್ಮಲ್ಲಿಗೆ ಬಂದವರಿದ್ದಾರೆ. ಅರ್ಹತೆ ಎಂದರೆ ಸರದಿಯಲ್ಲಿ ನಿಲ್ಲಲು ಅಪ್ಪಣೆ ಸಿಕ್ಕಿತೆಂದಷ್ಟೇ ಅರ್ಥ.

ಸರದಿಗಳು ಎರಡು. ಸರ್ಕಾರಿ ದಂತವೈದ್ಯಕೀಯ ಕಾಲೇಜುಗಳ ಶೇಕಡಾ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿ ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ಹಂಚಿಕೆಯಾಗುತ್ತವೆ. ಪರಿಗಣಿತ ವಿಶ್ವವಿದ್ಯಾಲಯಗಳ ಸೀಟುಗಳೂ ಅಲ್ಲಿಯೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ., ಮಣಿಪಾಲದ ಕಾಲೇಜು ಇವೆಲ್ಲ ನಮ್ಮ ನಾಡಿನಲ್ಲೇ ಇದ್ದರೂ ಪರಿಗಣಿತ ವಿಶ್ವವಿದ್ಯಾಲಯಗಳ ಅಂಗಗಳು. ರಾಜ್ಯದ ಪಟ್ಟಿಯಲ್ಲಿ ಅವುಗಳನ್ನು ಹುಡುಕಿ ಕಾಣದೆ ಕಂಗಾಲಾದ ಪಾಲಕರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಉಳಿದ ಸರ್ಕಾರಿ ಸೀಟುಗಳು ಮತ್ತು ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆ.ಇ.ಎ. ನೀಟ್ ಬರೆದ ಮಾತ್ರಕ್ಕೆ ಪ್ರಾಧಿಕಾರಕ್ಕೆ ನಮ್ಮ ಮಗುವಿನ ಹೆಸರು ತಾನಾಗಿ ತಲುಪುವುದಿಲ್ಲ. ಅಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ, ಅರ್ಜಿಯಲ್ಲಿ ನೀಟ್ ವಿವರ ದಾಖಲಿಸಿ, ದಾಖಲೆ ಪರಿಶೀಲನೆ ಮುಗಿಸಬೇಕು. ಉತ್ತಮ ಅಂಕ ಪಡೆದ ಹುಡುಗನೊಬ್ಬ ಈ ನೋಂದಣಿಯ ದಿನ ತಪ್ಪಿಸಿಕೊಂಡು, ನಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತ ಮಧ್ಯಾಹ್ನ ನಮಗೆ ನೆನಪಿದೆ. ಅವನ ತಂದೆ ಒಂದೇ ಸಮನೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಈಗ ದಾಖಲೆಗಳ ಮಾತು. ನಮ್ಮ ಅನುಭವದಲ್ಲಿ ಸೀಟು ಕೈತಪ್ಪುವುದು ಅಂಕದಿಂದ ಎಷ್ಟೋ, ಕಾಗದದಿಂದಲೂ ಅಷ್ಟೇ.

ರಾಜ್ಯದ ಸೀಟಿಗೆ ಅರ್ಹರಾಗಲು ಸಾಮಾನ್ಯ ನಿಯಮವೆಂದರೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ ಶೇಕಡಾ 15ರ ಗ್ರಾಮೀಣ ಮೀಸಲಾತಿಯಿದೆ, ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರ ಮೀಸಲಾತಿಯಿದೆ. ಹಳ್ಳಿಯಲ್ಲಿ ಮನೆಯಿದ್ದು ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಹೋದವರಿಗೆ ಗ್ರಾಮೀಣ ಮೀಸಲಾತಿ ದೊರೆಯದು, ಏಕೆಂದರೆ ಲೆಕ್ಕಕ್ಕೆ ಬರುವುದು ಶಾಲೆ ಇರುವ ಸ್ಥಳ. ಈ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯೊಂದೇ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿಯೊಂದು ಶಾಲೆಯಿಂದಲೂ ತರಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಊರಲ್ಲಿರುವುದಿಲ್ಲ, ಮೇಲುಸಹಿಗೆ ಕಚೇರಿಯ ಮುಂದೆ ಸಾಲು ನಿಂತಿರುತ್ತದೆ. ಪಿ.ಯು. ಎರಡನೆಯ ವರ್ಷದ ದಸರೆ ರಜೆ ಮುಗಿಯುವುದರೊಳಗೆ ಇದನ್ನು ಪಡೆದಿಡಿ ಎಂದು ನಾವು ಹೇಳುತ್ತಲೇ ಇದ್ದೇವೆ, ಕೇಳುವವರು ಕಡಿಮೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಅನ್ವಯ ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ಉಳಿದ ಕಡೆ ಶೇಕಡಾ 8ರಷ್ಟು ಸ್ಥಳೀಯ ಮೀಸಲಾತಿ ದೊರೆಯುತ್ತದೆ. ಇದರ ಅರ್ಹತಾ ಪ್ರಮಾಣಪತ್ರವನ್ನು ನೀಡುವವರು ಉಪವಿಭಾಗಾಧಿಕಾರಿಗಳು, ತಹಶೀಲ್ದಾರರಲ್ಲ. ನಾವು ಮೇಲೆ ಹೇಳಿದ ಹುಡುಗಿಯ ತಂದೆ ತಹಶೀಲ್ದಾರರ ಕಚೇರಿಗೆ ಮೂರು ಸಲ ಅಲೆದ ಮೇಲೆ ಇದು ಗೊತ್ತಾಯಿತು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದರ ಮೇಲೆ ಅಚ್ಚಾಗಿರುವ ಆರ್.ಡಿ. ಸಂಖ್ಯೆಯನ್ನು ಪ್ರಾಧಿಕಾರದ ಅರ್ಜಿಯಲ್ಲಿ ನಮೂದಿಸುವಾಗ ಒಂದು ಅಂಕಿ ತಪ್ಪಿದರೂ ಮೀಸಲಾತಿಯ ಹಕ್ಕು ತೂಗುಯ್ಯಾಲೆಯಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಸಮುದಾಯಗಳೆಲ್ಲವೂ ಕೇಂದ್ರದ ಪಟ್ಟಿಯಲ್ಲಿಲ್ಲ. ರಾಜ್ಯದಲ್ಲಿ ಪ್ರವರ್ಗ 3ಬಿ ಎಂದು ಪ್ರಮಾಣಪತ್ರವಿರುವ ಮಗು ನೀಟ್ ಅರ್ಜಿಯಲ್ಲಿ ಕಣ್ಣುಮುಚ್ಚಿ ಇತರೆ ಹಿಂದುಳಿದ ವರ್ಗ ಎಂದು ತುಂಬಿದರೆ, ಮುಂದೆ ಅಖಿಲ ಭಾರತ ಕೋಟಾದ ಪರಿಶೀಲನೆಯಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರ ಕೇಳುತ್ತಾರೆ. ಉಪಪಂಗಡದ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಹೆಸರಿನ ಕಷ್ಟವಂತೂ ಹೇಳತೀರದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಬಸವರಾಜ, ಆಧಾರಿನಲ್ಲಿ ಬಸವರಾಜಪ್ಪ. ಒಂದರಲ್ಲಿ ತಂದೆಯ ಹೆಸರು ಮುಂದೆ, ಮತ್ತೊಂದರಲ್ಲಿ ಮನೆತನದ ಹೆಸರು ಹಿಂದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಎಲ್ಲ ಅರ್ಜಿಗಳಲ್ಲೂ ಬರೆದು, ಆಧಾರನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುರಕ್ಷಿತ. ಇದನ್ನು ನೀಟ್ ಅರ್ಜಿಗೆ ಮುನ್ನ ಮಾಡಬೇಕು, ಫಲಿತಾಂಶ ಬಂದ ಮೇಲಲ್ಲ. ಅರ್ಜಿಗೆ ಕೊಡುವ ಮೊಬೈಲ್ ಸಂಖ್ಯೆಯೂ ಮನೆಯವರದೇ ಆಗಿರಲಿ. ಸೈಬರ್ ಅಂಗಡಿಯವರ ಸಂಖ್ಯೆ ಕೊಟ್ಟು, ಒ.ಟಿ.ಪಿ. ಬಂದ ಹೊತ್ತಿಗೆ ಅಂಗಡಿ ಮುಚ್ಚಿದ್ದ ಪ್ರಸಂಗಗಳೂ ಉಂಟು.

ದಾಖಲೆ ಪರಿಶೀಲನೆ ಮುಗಿದ ಮೇಲೆ ಬರುವುದು ಆಯ್ಕೆಗಳ ನಮೂದು, ಮಕ್ಕಳ ಭಾಷೆಯಲ್ಲಿ ಆಪ್ಷನ್ ಎಂಟ್ರಿ. ಹುಡುಗಿಯ ವಿಷಯದಲ್ಲಿ ನಮ್ಮ ಬುದ್ಧಿ ಎಡವಿದ್ದು ಇದರ ಆಸುಪಾಸಿನಲ್ಲಿಯೇ. ಗಣಕಯಂತ್ರ ಅಭ್ಯರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಅವರ ರ‍್ಯಾಂಕಿಗೆ ಮತ್ತು ಮೀಸಲಾತಿಗೆ ಮೊದಲು ಎಟುಕುವ ಸೀಟನ್ನು ಹಂಚಿ ಅಲ್ಲಿಗೆ ನಿಲ್ಲುತ್ತದೆ. ಎಟುಕಲಾರದ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಇಷ್ಟದ ಕಾಲೇಜಿನತ್ತ ಯಂತ್ರ ತಿರುಗಿಯೂ ನೋಡದು. ಆದುದರಿಂದ ನಿಜವಾದ ಇಷ್ಟದ ಕ್ರಮದಲ್ಲಿಯೇ ಬರೆಯಬೇಕು. ಶುಲ್ಕದ ದರ್ಜೆಯನ್ನೂ ಗಮನಿಸಬೇಕು. ಒಂದೇ ಕಾಲೇಜಿನಲ್ಲಿ ಸರ್ಕಾರಿ ಸೀಟು, ಖಾಸಗಿ ಸೀಟು, ಅನಿವಾಸಿ ಭಾರತೀಯ ಮತ್ತು ಇತರೆ ಸೀಟು ಎಂದು ಬೇರೆ ಬೇರೆ ದರ್ಜೆಗಳಿದ್ದು ಶುಲ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾಲೇಜಿನ ಹೆಸರು ನೋಡಿ ದರ್ಜೆ ನೋಡದೆ ಬರೆದವರು ಆಮೇಲೆ ಬೆವರುತ್ತಾರೆ. ಮೊದಲು ಅಣಕು ಹಂಚಿಕೆ ಪ್ರಕಟವಾಗುತ್ತದೆ. ಅದನ್ನು ನೋಡಿ ಪಟ್ಟಿಯ ಕ್ರಮ ಬದಲಿಸಲು ಅವಕಾಶವಿದೆ, ಅಳಲು ಅಥವಾ ಕುಣಿಯಲು ಅದು ಕಾರಣವಲ್ಲ. ನಿಜವಾದ ಹಂಚಿಕೆಯ ನಂತರ ಒಪ್ಪಿ ಸೇರುವುದೋ, ಇದನ್ನು ಹಿಡಿದುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯುವುದೋ, ಬಿಟ್ಟು ಮುಂದೆ ಹೋಗುವುದೋ, ಸಂಪೂರ್ಣ ಹೊರಬರುವುದೋ ಎಂದು ಕೇಳಲಾಗುತ್ತದೆ. ಆ ವರ್ಷದ ಸೂಚನಾಪತ್ರದಲ್ಲಿ ಈ ಆಯ್ಕೆಗಳ ಷರತ್ತುಗಳನ್ನು ಓದದೆ ಗುಂಡಿ ಒತ್ತಬಾರದು. ಕೊನೆಯ ಸುತ್ತಿನ ನಂತರ ಬಿಟ್ಟರೆ ದಂಡ ತೆರಬೇಕಾಗುತ್ತದೆ.

ಹುಡುಗಿಗೆ ಮೊದಲ ವರ್ಷ 'ಹಿಡಿದುಕೊಂಡು ಕಾಯುವ' ದಾರಿಯಿತ್ತು. ನಾವು ಅದನ್ನು ಹೇಳಲೇ ಇಲ್ಲ. ಎರಡನೆಯ ವರ್ಷ ಅವಳು ಬಂದಾಗ ಕೀಲಿಮಣೆಯತ್ತ ಕೈಚಾಚಿದ ನಮ್ಮನ್ನು ತಡೆದು, "ಈ ಸಲ ನಾನ ತುಂಬತೀನ್ರಿ, ನೀವು ನೋಡ್ರಿ ಸಾಕು" ಎಂದಳು. ಅಂದಿನಿಂದ ನಮ್ಮ ಮೇಜಿನ ನಿಯಮವೇ ಅದಾಗಿದೆ: ಅರ್ಜಿಯನ್ನು ತುಂಬುವ ಕೈ ಮಗುವಿನದು.

ದಲ್ಲಾಳಿಗಳ ಬಗೆಗೆ ಎರಡೇ ಮಾತು. ಖಾಸಗಿ ಮತ್ತು ಪರಿಗಣಿತ ವಿಶ್ವವಿದ್ಯಾಲಯಗಳ ಸೀಟುಗಳೂ ಸೇರಿದಂತೆ ಎಲ್ಲವೂ ನೀಟ್ ಆಧಾರದ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗಬೇಕು. 'ನೀಟ್ ಬೇಡ, ಸೀಟು ನಾ ಕೊಡಸ್ತೀನಿ' ಎನ್ನುವವನ ಕೈಗೆ ಮುಂಗಡ ಕೊಟ್ಟ ಹಣ ಹಿಂದಿರುಗಿದ್ದನ್ನು ನಾವು ಕಂಡಿಲ್ಲ.

ಪದವಿಯ ನಂತರ ಬದುಕು ಹೇಗೆ ಎಂದು ಪಾಲಕರು ಕೇಳುವುದು ನ್ಯಾಯವೇ ಆಗಿದೆ, ಅದಕ್ಕೆ ಸಕ್ಕರೆ ಸವರಿದ ಉತ್ತರ ಕೊಡಲಾರೆವು. ರಾಜ್ಯದ ಅನೇಕ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಪದವೀಧರರಿಗೆ ಹೋಲಿಸಿದರೆ ಸರ್ಕಾರಿ ಹುದ್ದೆಗಳು ತೀರ ಕಡಿಮೆ. ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ ದಂತವೈದ್ಯರ ಹುದ್ದೆ ಇರುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇರೆಯವರ ಚಿಕಿತ್ಸಾಲಯದಲ್ಲಿ ದುಡಿಯುವ ಮೊದಲ ವರ್ಷಗಳ ಸಂಬಳ ಎಂ.ಬಿ.ಬಿ.ಎಸ್. ಗೆಳೆಯನ ಸಂಬಳದ ಮುಂದೆ ಸಣ್ಣದು. ಸ್ವಂತ ಚಿಕಿತ್ಸಾಲಯಕ್ಕೆ ಕುರ್ಚಿ, ಕಂಪ್ರೆಸರ್, ಕ್ಷ-ಕಿರಣ ಯಂತ್ರ, ಉಪಕರಣಗಳನ್ನು ಆವಿಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್, ಹೀಗೆ ಬಂಡವಾಳವೂ ಬೇಕು, ರೋಗಿಗಳ ವಿಶ್ವಾಸ ಕುದುರಲು ವರ್ಷಗಳೂ ಬೇಕು. ಸ್ನಾತಕೋತ್ತರ ಎಂ.ಡಿ.ಎಸ್. ಮೂರು ವರ್ಷ, ಅದಕ್ಕೆ ಮತ್ತೊಂದು ನೀಟ್. ಓದುವ ಅವಧಿಯಲ್ಲಿ ತಮ್ಮ ಬಳಕೆಯ ಉಪಕರಣಗಳ ಬಹುಭಾಗವನ್ನು ವಿದ್ಯಾರ್ಥಿಗಳೇ ಕೊಳ್ಳಬೇಕಾಗುತ್ತದೆ. ಶುಲ್ಕದ ಪಟ್ಟಿಯಲ್ಲಿ ಕಾಣದ ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಸಾಲದ ಅರ್ಜಿ ಕೊಡುವುದು ಒಳ್ಳೆಯದು. ಎಲ್ಲ ಹೇಳಿದ ಮೇಲೂ, ತಾಲ್ಲೂಕು ಊರುಗಳಲ್ಲಿ ನಂಬಿಗಸ್ತ ದಂತವೈದ್ಯರೊಬ್ಬರು ನೆಲೆಯೂರಿದರೆ ಅವರ ಬಾಗಿಲಲ್ಲಿ ಸಾಲು ತಪ್ಪುವುದಿಲ್ಲ ಎಂಬುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಸಾಲು ತಪ್ಪದಿರಲು ನಾಡಿನ ಬಾಯಿಯ ಸ್ಥಿತಿಯೇ ಕಾರಣ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ನಮ್ಮದು. ಅಡಿಕೆಯ ಸತತ ಸೇವನೆಯಿಂದ ಬಾಯಿಯ ಒಳಪದರ ಗಡುಸಾಗಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ರೋಗವುಂಟು, ಅದು ಮುಂದೆ ಅರ್ಬುದಕ್ಕೂ ತಿರುಗಬಲ್ಲದು. ಗುಟ್ಕಾ ಹಾಕುವ ಇಪ್ಪತ್ತರ ಹುಡುಗರಲ್ಲೂ ಇದನ್ನು ನಮ್ಮ ದಂತವೈದ್ಯರು ಕಾಣುತ್ತಿದ್ದಾರೆ. ಪಾವಗಡ, ಮುಂಡರಗಿಯಂತಹ ಒಣನಾಡಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಅಳಿಸದಂತೆ ಕೂರುತ್ತವೆ. ಆ ಕಲೆಯ ಕಾರಣಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹೆಣ್ಣುಮಕ್ಕಳನ್ನು ಆ ಊರುಗಳ ಶಾಲೆಗಳಲ್ಲಿ ಯಾರೂ ನೋಡಬಹುದು.

ಸೀಟು ದೊರೆತವರು ಹೊರಡುವ ಮುನ್ನ ಗಮನಿಸಬೇಕಾದ ಆರೋಗ್ಯದ ವಿಷಯಗಳೂ ಇವೆ. ರಕ್ತ ಮತ್ತು ಜೊಲ್ಲಿನ ನಡುವೆ, ಚೂಪಾದ ಉಪಕರಣಗಳೊಡನೆ ಕೆಲಸ ಮಾಡುವವರಿಗೆ ಹೆಪಟೈಟಿಸ್-ಬಿ ಸೋಂಕಿನ ಅಪಾಯವುಂಟು. ಇದಕ್ಕೆ ಲಸಿಕೆಯಿದೆ. ಶೈಶವದಲ್ಲಿ ಹಾಕಿಸಿದ ದಾಖಲೆ ಇಲ್ಲದವರು ಮೊದಲನೆಯ ಚುಚ್ಚುಮದ್ದು, ಒಂದು ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂದು ಹಾಕಿಸಿಕೊಳ್ಳಬೇಕಾಗುವುದರಿಂದ ಮೊದಲ ವರ್ಷವೇ ಆರಂಭಿಸಿದರೆ ರೋಗಿಗಳನ್ನು ಮುಟ್ಟುವ ಹೊತ್ತಿಗೆ ರಕ್ಷಣೆ ಸಿದ್ಧವಾಗಿರುತ್ತದೆ. ಬಾಗಿ ದುಡಿಯುವ ವೃತ್ತಿಯಾದುದರಿಂದ ಕತ್ತು ಮತ್ತು ಸೊಂಟದ ನೋವು ದಂತವೈದ್ಯರ ಸಂಗಾತಿ. ನೆಟ್ಟಗೆ ಕೂರುವ ಅಭ್ಯಾಸವನ್ನು ಮೇಣ ಕೆತ್ತುವ ದಿನದಿಂದಲೇ ರೂಢಿಸಿಕೊಳ್ಳಬೇಕು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗುವುದು ಹಿತ. ಸೇರುವಾಗ ಮೂಲ ದಾಖಲೆಗಳನ್ನು ಕಾಲೇಜಿಗೆ ಒಪ್ಪಿಸಬೇಕಾಗುವುದರಿಂದ ಎಲ್ಲದರ ಹಲವಾರು ಪ್ರತಿಗಳನ್ನು ಮಾಡಿಸಿ ಮನೆಯಲ್ಲಿಡಿ. ವಿದ್ಯಾರ್ಥಿವೇತನದ ಅರ್ಜಿಗೆ ಅವೇ ಬೇಕಾಗುತ್ತವೆ.

ಆ ಹುಡುಗಿ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಕಳೆದ ಯುಗಾದಿಗೆ ಊರಿಗೆ ಬಂದವಳು, ಬಾಯಿ ತೋರಿಸಪ್ಪಾ ಎಂದು ತಂದೆಯನ್ನು ಕಟ್ಟೆಯ ಮೇಲೆ ಬೆಳಕಿಗೆ ಕೂರಿಸಿದಳಂತೆ. ಸುಣ್ಣ ತಂಬಾಕು ಇಡುವ ಕೆಳತುಟಿಯ ಒಳಭಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಕಂಡಿತು. ನೋವಿರಲಿಲ್ಲ, ನೋವಿಲ್ಲದ್ದರಿಂದಲೇ ಅವರು ಯಾರಿಗೂ ತೋರಿಸಿರಲಿಲ್ಲ. ಅವಳು ಒತ್ತಾಯ ಮಾಡಿ ತನ್ನ ಕಾಲೇಜಿಗೆ ಕರೆದೊಯ್ದಳು. ಚೂರು ತೆಗೆದು ಪರೀಕ್ಷಿಸಿದ ಪ್ರಾಧ್ಯಾಪಕರು, ಅರ್ಬುದವಲ್ಲ, ಆದರೆ ಆ ದಾರಿಯಲ್ಲಿದೆ, ತಂಬಾಕು ಇಂದೇ ನಿಲ್ಲಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಹೋದ ತಿಂಗಳು ಆ ತಂದೆ ನಮ್ಮ ಪಡಸಾಲೆಗೆ ಬಂದು ಇದನ್ನೆಲ್ಲ ಹೇಳಿದರು. ಸಾಲದ ವಿಷಯ ಎತ್ತಲಿಲ್ಲ, ನಾವೂ ಕೇಳಲು ಧೈರ್ಯ ಮಾಡಲಿಲ್ಲ. ತಂಬಾಕಿನ ಸಂಚಿ ಇನ್ನೂ ಮನೆಯ ಗೂಟಕ್ಕೆ ತೂಗುಹಾಕಿದೆಯಂತೆ. ಖಾಲಿ ಇದೆ ಎಂದು ಅವರು ಹೇಳುತ್ತಾರೆ. "ಆಕಿ ಬಂದಾಗೊಮ್ಮೆ ಕೈ ಹಾಕಿ ನೋಡ್ತಾಳ್ರಿ" ಎಂದೂ ಹೇಳಿದರು.

ಈ ವರ್ಷದ ಫಲಿತಾಂಶ ಬಂದ ನಂತರದ ಮೊದಲ ಭಾನುವಾರದಿಂದ, ಬೆಳಿಗ್ಗೆ ಒಂಬತ್ತಕ್ಕೆ, ಮೇಜು ಎಂದಿನಂತೆ ಪಡಸಾಲೆಯಲ್ಲಿರುತ್ತದೆ. ಬರುವವರು ಹತ್ತನೆಯ ತರಗತಿಯ ಅಂಕಪಟ್ಟಿ, ನೀಟ್ ಪ್ರವೇಶಪತ್ರ ಮತ್ತು ಅಂಕಪತ್ರ, ಮೇಲುಸಹಿಯಾದ ವ್ಯಾಸಂಗ ಪ್ರಮಾಣಪತ್ರಗಳನ್ನು ತರಬೇಕು. ಮಗುವನ್ನೂ ಕರೆತರಬೇಕು.